ಹೆಗಲ ಕೀಲಿನ ಅಂಚುಪಟ್ಟಿಯೂ ಅದರ ದುರಸ್ತಿಯೂ

ಕೊಳ್ಳೇಗಾಲ, ಹನೂರು, ಯಳಂದೂರು ಸೀಮೆಗಳಲ್ಲಿ ಮಲೆಯ ಮಹದೇಶ್ವರನ ದೇವರಗುಡ್ಡರು ಆಡುವ ಬೀಸುಕಂಸಾಳೆಯನ್ನು ಕಂಡವರಿಗೆ ಹೆಗಲಿನ ಕೀಲಿಗಿರುವ ಸ್ವಾತಂತ್ರ್ಯವೆಷ್ಟೆಂಬುದು ವಿದಿತವಾಗಿರುತ್ತದೆ. ಎಡಗೈಯ ಬಟ್ಟಲಿಗೆ ಬಲಗೈಯ ತಾಳವನ್ನು ತಲೆಯ ಮೇಲೂ ಬೆನ್ನ ಹಿಂದೂ ಬೀಸಿ ತಾಕಿಸುವಾಗ ತೋಳು ಸುತ್ತದ ದಿಕ್ಕಿಲ್ಲ. ಶರೀರದ ಮತ್ತಾವ ಕೀಲಿಗೂ ಇಷ್ಟು ಚಲನೆಯಿಲ್ಲ. ಮತ್ತಾವ ದೊಡ್ಡ ಕೀಲೂ ಇದರಷ್ಟು ಸುಲಭವಾಗಿ ತಪ್ಪುವುದೂ ಇಲ್ಲ. ಈ ಎರಡು ಗುಣಗಳಿಗೂ ಕಾರಣವೊಂದೇ.

ತೋಳೆಲುಬಿನ ಗುಂಡುತಲೆ ದೊಡ್ಡದು. ಅದನ್ನು ಧರಿಸುವ ಹೆಗಲಹಲಗೆಯ ಕುಳಿ ಆಳವಿಲ್ಲದ ಸಣ್ಣ ತಟ್ಟೆಯಂತಹುದು. ಈ ಕೊರತೆಯನ್ನು ತುಂಬಲು ಕುಳಿಯ ಸುತ್ತ ನಾರುಮೃದ್ವಸ್ಥಿಯ ಅಂಚುಪಟ್ಟಿಯೊಂದಿದೆ. ವೈದ್ಯರು ಇದನ್ನು ಲೇಬ್ರಮ್ ಎನ್ನುವರು. ಲ್ಯಾಟಿನ್ ಭಾಷೆಯಲ್ಲಿ ಅದಕ್ಕೆ ತುಟಿಯೆಂದೇ ಅರ್ಥ. ಅದು ಕುಳಿಯನ್ನು ಆಳಗೊಳಿಸುವುದಲ್ಲದೆ ಕೀಲಿನ ಬಂಧಗಳಿಗೂ ನೆಲೆಯಾಗಿದೆ. ತೋಳು ಮುಂದಕ್ಕೆ ಜಾರಿದಾಗ ಈ ಅಂಚಿನ ಮುಂದಣ ಕೆಳಭಾಗವು ಎಲುಬಿನಿಂದ ಕಳಚುವುದುಂಟು. 1923ರಲ್ಲಿ ಇದನ್ನು ವಿವರಿಸಿದ ಇಂಗ್ಲೆಂಡಿನ ಶಸ್ತ್ರವೈದ್ಯ ಬ್ಯಾಂಕಾರ್ಟರ ಹೆಸರೇ ಈ ಗಾಯಕ್ಕೆ ನಿಂತಿದೆ.

ಸುಶ್ರುತಸಂಹಿತೆಯ ಚಿಕಿತ್ಸಾಸ್ಥಾನದಲ್ಲಿ, ತಪ್ಪಿದ ಹೆಗಲಿಗೆ ಕಂಕುಳನ್ನು ಒನಕೆಯಿಂದ ಮೇಲೆತ್ತಿ, ಕೀಲು ನೆಲೆಗೊಂಡ ಬಳಿಕ ಸ್ವಸ್ತಿಕಬಂಧವನ್ನು ಕಟ್ಟತಕ್ಕದ್ದೆಂದು ವಿಧಿಸಿದೆ. ಇದನ್ನು ಓದುವಾಗ ಒಂದು ಭೇದವನ್ನು ಮರೆಯಲಾಗದು. ಕೀಲನ್ನು ಕೂಡಿಸುವುದು ಬೇರೆ, ಹರಿದ ಅಂಚನ್ನು ಬೆಸೆಯುವುದು ಬೇರೆ. ಗುಂಡು ಕುಳಿಗೆ ಮರಳಿದರೂ ಅಂಚು ಸ್ವಸ್ಥಾನಕ್ಕೆ ಬಾರದಿದ್ದರೆ, ವಿಶೇಷವಾಗಿ ಹರೆಯದವರಲ್ಲಿ, ಹೆಗಲು ಮತ್ತೆ ಮತ್ತೆ ತಪ್ಪುವ ಸಂಭವವುಂಟು. ತಪ್ಪಿದಂತೆಲ್ಲ ಕುಳಿಯ ಎಲುಬೂ ಸವೆಯುವುದು.

ಕೀಲನ್ನು ಅಗಲವಾಗಿ ಕೊಯ್ಯದೆ ಒಳಗೆ ನೋಡುವ ಉಪಾಯವನ್ನು 1918ರಲ್ಲಿ ಜಪಾನಿನ ಕೆಂಜಿ ಟಕಾಗಿಯವರು ಮೃತದೇಹದ ಮೊಣಕಾಲಿನಲ್ಲಿ ಪರೀಕ್ಷಿಸಿದರು. ಅಂತಹ ಪ್ರಯತ್ನಗಳಿಂದ ಬೆಳೆದುದೇ ಆರ್ತ್ರಾಸ್ಕೋಪಿ. ಸಣ್ಣ ರಂಧ್ರಗಳ ಮೂಲಕ ಕ್ಯಾಮೆರಾವನ್ನೂ ಸಲಕರಣೆಗಳನ್ನೂ ಇಳಿಸಿ, ದ್ರವದಿಂದ ಕೀಲನ್ನು ಹಿಗ್ಗಿಸಿ, ಕುಳಿಯಂಚಿನ ಎಲುಬನ್ನು ತುಸು ಕೆರೆದು, ಅಲ್ಲಿ ನೂಲು ಪೋಣಿಸಿದ ಪುಟ್ಟ ಗೂಟಗಳನ್ನು ನೆಟ್ಟು, ಆ ನೂಲಿನಿಂದ ಅಂಚುಪಟ್ಟಿಯನ್ನು ಬಿಗಿಯುವರು. ನೂಲು ಹಿಡಿದಿಡುತ್ತದೆ, ಬೆಸೆಯುವುದು ಶರೀರವೇ. ಆದುದರಿಂದ ಕೆಲವು ವಾರ ತೋಳು ಜೋಲಿಯಲ್ಲಿರಬೇಕು. ತರುವಾಯ ಕ್ರಮವಾದ ವ್ಯಾಯಾಮವು ತಿಂಗಳುಗಟ್ಟಲೆ ನಡೆಯಬೇಕು.

ಹರಿದ ಅಂಚಿಗೆಲ್ಲ ಶಸ್ತ್ರವೇ ಗತಿಯೆಂದಲ್ಲ. ವ್ಯಾಯಾಮದಿಂದಲೇ ಗುಣವಾಗುವವರೂ ಉಂಟು. ಆದರೆ ಎಲುಬು ಬಹಳ ಸವೆದ ಮೇಲೆ ಈ ಹೊಲಿಗೆಯೊಂದೇ ಸಾಲದೆ, ಎಲುಬಿನ ತುಂಡನ್ನೇ ಕೂಡಿಸಬೇಕಾಗುವುದು. ಹೆಗಲು ಕೂಡಿತೆಂದು ಸುಮ್ಮನಾಗದೆ, ಅದು ಇನ್ನೊಮ್ಮೆ ತಪ್ಪುವ ಮುನ್ನವೇ ಪರೀಕ್ಷೆ ಮಾಡಿಸತಕ್ಕದ್ದೆಂಬುದು ಇದರಿಂದ ಸ್ಪಷ್ಟವಾಗುತ್ತದೆ.