ನೋಡಲು ಬಡವ, ಮಾತಿನಲ್ಲಿ ಬಡವ

ಬ್ರೆಜಿಲ್ ದೇಶದ ಸಾವೊ ಪೌಲೊ ನಗರದ ಅಮೆರಿಕನ್ ದೂತಕಚೇರಿಯಲ್ಲಿ 1990ರ ದಶಕದ ಮೊದಲ ಭಾಗದಲ್ಲಿ ಒಂದು ಪದ್ಧತಿಯಿತ್ತು. ವೀಸಾ ಕೇಳಲು ಬಂದವರ ಅರ್ಜಿಯ ಮೇಲೆ ಎರಡಕ್ಷರದ ಗುರುತು ಹಾಕುತ್ತಿದ್ದರು. ಎಲ್.ಪಿ. ಎಂದರೆ ನೋಡಲು ಬಡವ, ಟಿ.ಪಿ. ಎಂದರೆ ಮಾತಿನಲ್ಲಿ ಬಡವ, ಆರ್.ಕೆ. ಎಂದರೆ ಸಿರಿವಂತರ ಮನೆಯ ಹುಡುಗ! ಇದು ಯಾರೋ ಕಟ್ಟಿದ ಹಾಸ್ಯವಲ್ಲ. ನ್ಯಾಯಾಲಯದ ದಾಖಲೆಗೆ ಸೇರಿದ ಸಂಗತಿ.

ಅಲ್ಲಿನ ಅಧಿಕಾರಿ ರಾಬರ್ಟ್ ಓಲ್ಸನ್ ಅವರು ಈ ರೀತಿಗೆ ಒಪ್ಪಲಿಲ್ಲ. ನೌಕರಿ ಹೋಯಿತು. ಅವರು ವ್ಯಾಜ್ಯ ಹೂಡಿದರು. 1997ರಲ್ಲಿ ವಾಷಿಂಗ್ಟನ್ನಿನ ನ್ಯಾಯಾಧೀಶ ಸ್ಟಾನ್ಲಿ ಸ್ಪೋರ್ಕಿನ್ ಅವರು, ಮೈಬಣ್ಣವನ್ನೂ ಹುಟ್ಟಿದ ನಾಡನ್ನೂ ಹಿಡಿದು ಜನರನ್ನು ಗುಂಪುಗುಂಪಾಗಿ ಅಳೆಯುವುದು ಅನ್ಯಾಯವೆಂದು ತೀರ್ಪಿತ್ತು, ಓಲ್ಸನ್ನರ ವಿಷಯವನ್ನು ಮತ್ತೆ ವಿಚಾರಿಸುವಂತೆ ಹಿಂದಕ್ಕೆ ಕಳಿಸಿದರು.

ಬಣ್ಣಕ್ಕೆ ರಕ್ಷಣೆ ದೊರೆಯಿತು, ಸರಿ. ಬಡತನಕ್ಕೆ?

ಅಮೆರಿಕದ 1952ರ ವಲಸೆ ಕಾನೂನಿನ 214ನೆಯ ಕಲಮಿನಲ್ಲಿ ಒಂದು ಮಾತುಂಟು. ಪ್ರವಾಸಕ್ಕೋ ನಂಟರನ್ನು ನೋಡಲೋ ಹೊರಟವನು ಅಲ್ಲೇ ನೆಲಸಲು ಬರುತ್ತಿದ್ದಾನೆಂದೇ ಮೊದಲು ಭಾವಿಸಬೇಕು. ಅಲ್ಲವೆಂದು ತೋರಿಸುವ ಹೊಣೆ ಅವನದು. ಕಳ್ಳತನದ ಆಪಾದಿತನಿಗೂ ನಿರಪರಾಧಿಯೆಂಬ ಭಾವನೆಯ ಆಸರೆಯಿದೆ, ಇವನಿಗಿಲ್ಲ. ಸ್ವದೇಶಕ್ಕೆ ಮರಳುವೆನೆಂಬುದಕ್ಕೆ ಆಧಾರವೇನು? ಮನೆ, ಜಮೀನು, ಉದ್ಯೋಗ, ಬ್ಯಾಂಕಿನ ಲೆಕ್ಕ. ಬಾಡಿಗೆ ಕೋಣೆಯಲ್ಲಿ ಮುದಿತಾಯಿಯನ್ನೂ ಎರಡು ಮಕ್ಕಳನ್ನೂ ಬಿಟ್ಟು ಬಂದವನಿಗೆ ಅದಕ್ಕಿಂತ ಬಿಗಿಯಾದ ಕಟ್ಟು ಇರಬಹುದು. ಆದರೆ ಅದಕ್ಕೆ ಮೊಹರು ಹಾಕಿದ ಕಾಗದವೆಲ್ಲಿ? ಫೈಲಿನಲ್ಲಿ ಇಲ್ಲದ್ದು ಲೋಕದಲ್ಲೇ ಇಲ್ಲ ಎಂಬುದನ್ನು ಗುಮಾಸ್ತೆಯಾದ ನಾನು ಚೆನ್ನಾಗಿ ಬಲ್ಲೆ.

ಮುಂಬಯಿ, ಚೆನ್ನೈ, ಹೈದರಾಬಾದುಗಳ ದೂತಕಚೇರಿಗಳಲ್ಲೂ ಇದೇ ಕಲಮು. ಮೊಮ್ಮಗುವನ್ನು ನೋಡಲು ಹೊರಟ ನಮ್ಮ ಹಿರಿಯರು ಪಹಣಿ, ಪಿಂಚಣಿ ಪತ್ರಗಳನ್ನು ಬಗಲಲ್ಲಿಟ್ಟು ಸಾಲಿನಲ್ಲಿ ನಿಲ್ಲುವುದು ಇದಕ್ಕಾಗಿಯೇ. ಪಹಣಿ ಇದ್ದವರೇನೋ ತೋರಿಸಿಯಾರು.

ಅವಧಿ ಮುಗಿದ ಮೇಲೂ ಉಳಿದುಬಿಡುವವರುಂಟು. ತನ್ನ ಬಾಗಿಲನ್ನು ಕಾಯುವ ಹಕ್ಕು ಯಾವ ದೇಶಕ್ಕೂ ಇದೆ. ಕಿಟಕಿಯ ಹಿಂದೆ ಕುಳಿತವನಿಗೆ ಸಿಕ್ಕುವುದು ಕೆಲವೇ ನಿಮಿಷ. ಮನಸ್ಸಿನ ಉದ್ದೇಶ ಕಾಣದು, ಸವೆದ ಅಂಗಿ ಕಾಣುತ್ತದೆ. ಆ ಕಷ್ಟ ನನಗೆ ತಿಳಿಯದ್ದಲ್ಲ.

ಆದರೆ ಶುಲ್ಕದ ಮಾತು ಬೇರೆ. ಅಮೆರಿಕದ ಪ್ರವಾಸಿ ವೀಸಾದ ಅರ್ಜಿಗೆ 2023ರಿಂದ 185 ಡಾಲರು. ನಿರಾಕರಿಸಿದರೆ ಹಣ ಹಿಂತಿರುಗದು. ಆ ಕಲಮಿನಡಿ ಬೇಡವೆಂದರೆ ಮೇಲ್ಮನವಿಯೂ ಇಲ್ಲ. ಬೇಕಾದರೆ ಹೊಸ ಶುಲ್ಕ ಕಟ್ಟಿ ಹೊಸ ಅರ್ಜಿ ಹಾಕಬೇಕು. ಸಿರಿವಂತನಿಗೆ ಅದೊಂದು ಊಟದ ಖರ್ಚು; ಕೂಲಿಯವನಿಗೆ ತಿಂಗಳ ಗಳಿಕೆ. ಯುರೋಪಿನ ಷೆಂಗೆನ್ ದೇಶಗಳೂ 2024ರಿಂದ 90 ಯೂರೊ ಪಡೆಯುತ್ತವೆ, ಹಿಂದಿರುಗಿಸುವುದಿಲ್ಲ. ಆದರೆ ನಿರಾಕರಣೆಗೆ ಕಾರಣವನ್ನು ಬರೆದು ಕೊಡುತ್ತವೆ, ಮೇಲ್ಮನವಿಗೆ ಅವಕಾಶವಿಡುತ್ತವೆ. ಅಷ್ಟನ್ನು ಅಮೆರಿಕವೂ ಮಾಡಬಹುದು. ಒಲ್ಲೆನೆಂದವನ ದುಡ್ಡನ್ನು ಇಬ್ಬರೂ ಮರಳಿಸಬಹುದು.