ಸಸ್ಯಾಭ್ಯಾಸ: ನಾಮ, ರೂಪ, ಪ್ರಯೋಗ

ಸಸ್ಯಗಳ ಅಭ್ಯಾಸವು ಮಾನವನ ಅತಿ ಪ್ರಾಚೀನ ವಿದ್ಯೆಗಳಲ್ಲೊಂದು. ಉಣ್ಣತಕ್ಕುದು ಯಾವುದು, ವಿಷ ಯಾವುದು, ರೋಗಹರ ಯಾವುದು ಎಂಬ ಪ್ರಶ್ನೆಗಳಲ್ಲಿಯೇ ಅದರ ಮೂಲವಿದೆ. ಅದರ ಉದ್ದೇಶವನ್ನು ಚರಕಸಂಹಿತೆಯು ಸ್ಪಷ್ಟವಾಗಿ ನಿರೂಪಿಸುತ್ತದೆ. ಆಡು ದನ ಕಾಯುವವರೂ ವನವಾಸಿಗಳೂ ಮೂಲಿಕೆಗಳ ನಾಮರೂಪಗಳನ್ನು ಬಲ್ಲರು. ಆದರೆ ಅಷ್ಟರಿಂದಲೇ ಜ್ಞಾನವು ಪೂರ್ಣವಾಗದು, ಪ್ರಯೋಗವನ್ನರಿತವನೇ ತತ್ತ್ವವನ್ನರಿತವನು ಎಂಬುದು ಆ ಗ್ರಂಥದ ಆಶಯ. ಅರಿಯದ ಔಷಧವನ್ನು ಅದು ವಿಷಕ್ಕೂ, ಅರಿತ ಔಷಧವನ್ನು ಅಮೃತಕ್ಕೂ ಹೋಲಿಸುತ್ತದೆ. ಆದಕಾರಣ ನಾಮ, ರೂಪ, ಪ್ರಯೋಗಗಳೆಂಬ ಮೂರೂ ಸಸ್ಯವಿದ್ಯೆಯ ಅಂಗಗಳೆನಿಸುವುವು.

ರೂಪವನ್ನಾಧರಿಸಿ ಚರಕಸಂಹಿತೆಯು ಸಸ್ಯಗಳನ್ನು ನಾಲ್ಕು ಬಗೆಯಾಗಿ ವಿಂಗಡಿಸಿದೆ. ಹೂವು ಕಾಣದೆ ಫಲ ಕೊಡುವುದು ವನಸ್ಪತಿ, ಹೂವು ಫಲಗಳೆರಡೂ ಉಳ್ಳದ್ದು ವಾನಸ್ಪತ್ಯ, ಫಲ ಪಕ್ವವಾದೊಡನೆ ಅಳಿಯುವುದು ಓಷಧಿ, ಹಬ್ಬುವುದು ವೀರುಧ. ಗ್ರೀಸಿನಲ್ಲಿ ಅರಿಸ್ಟಾಟಲನ ಶಿಷ್ಯನಾದ ಥಿಯೋಫ್ರಾಸ್ಟಸನು ಕ್ರಿಸ್ತಪೂರ್ವ 4ನೆಯ ಶತಮಾನದ ಸುಮಾರಿಗೆ ಮರ, ಪೊದೆ, ಗಿಡ, ಮೂಲಿಕೆಗಳೆಂದು ವಿಭಾಗಿಸಿದನು. ಔಷಧದ ಪ್ರಯೋಜನಕ್ಕಷ್ಟೇ ಕಟ್ಟುಬೀಳದೆ, ಸಸ್ಯದ ಸ್ವರೂಪವನ್ನರಿಯುವುದನ್ನೇ ಆತನು ಗುರಿಯಾಗಿಸಿಕೊಂಡುದು ಗಮನಾರ್ಹ.

ನಾಮದ ತೊಡಕು ಇವೆರಡಕ್ಕಿಂತ ಹೆಚ್ಚಿನದು. ಶಂಖಪುಷ್ಪಿ ಎಂಬ ಒಂದೇ ಹೆಸರಿನಿಂದ ಒಂದು ಪ್ರಾಂತದವರು ವಿಷ್ಣುಕ್ರಾಂತಿಯನ್ನು, ಮತ್ತೊಂದು ಪ್ರಾಂತದವರು ಗಿರಿಕರ್ಣಿಕೆಯನ್ನು ತಿಳಿಯುವುದುಂಟು. ಹೆಸರು ತಪ್ಪಿದರೆ ಔಷಧವೂ ತಪ್ಪುತ್ತದೆ. 1753ರಲ್ಲಿ ಸ್ವೀಡನ್ನಿನ ಲಿನೀಯಸನು ತನ್ನ ‘ಸ್ಪೀಶೀಸ್ ಪ್ಲಾಂಟಾರಮ್’ ಗ್ರಂಥದಲ್ಲಿ ಪ್ರತಿ ಸಸ್ಯಕ್ಕೂ ಎರಡು ಪದಗಳ ಹೆಸರನ್ನು ಸ್ಥಿರಪಡಿಸಿದುದು ಈ ತೊಡಕನ್ನು ಬಗೆಹರಿಸುವ ದಾರಿಯಾಯಿತು.

ಲಿನೀಯಸನು ಆಧರಿಸಿದ ಗ್ರಂಥಗಳಲ್ಲೊಂದು ‘ಹೋರ್ಟಸ್ ಮಲಬಾರಿಕಸ್’. ಮಲಬಾರಿನ ಡಚ್ ಅಧಿಕಾರಿ ವಾನ್ ರೀಡನು ಮಾಡಿಸಿದ ಈ ಗ್ರಂಥವು 1678ರಿಂದ 1693ರವರೆಗೆ ಆಮ್‌ಸ್ಟರ್‌ಡ್ಯಾಮಿನಲ್ಲಿ 12 ಸಂಪುಟಗಳಾಗಿ ಮುದ್ರಿತವಾಯಿತು. ರೂಪಕ್ಕೆ ಚಿತ್ರಗಳೂ, ನಾಮಕ್ಕೆ ಮಲೆಯಾಳ, ಅರಬ್ಬಿ, ನಾಗರೀ ಲಿಪಿಗಳೂ ಅದರಲ್ಲಿವೆ. ಪ್ರಯೋಗವನ್ನು ತಿಳಿಸಿದವರಲ್ಲಿ ಪ್ರಮುಖರು ಇಟ್ಟಿ ಅಚ್ಯುತನ್ ಎಂಬ ಈಳವ ವೈದ್ಯರು. ಅವರೊಡನೆ ರಂಗಭಟ್ಟ, ವಿನಾಯಕ ಪಂಡಿತ, ಅಪ್ಪುಭಟ್ಟರೆಂಬ ಕೊಂಕಣಿ ವಿದ್ವಾಂಸರಿದ್ದರು. ಕನ್ನಡಿಗರ ಅಡಿಗೆಮನೆಯ ಬಸಳೆಯು ಇಂದು ವಿಜ್ಞಾನಲೋಕದಲ್ಲಿ ‘ಬಸೆಲ್ಲಾ’ ಎನಿಸಿದೆ. ಅದು ಈ ಗ್ರಂಥದ ಮಲೆಯಾಳ ಹೆಸರಿನಿಂದಲೇ ಬಂದುದು.

ಆದರೆ ಲ್ಯಾಟಿನ್ನಿನಲ್ಲಿದ್ದ ಈ ಗ್ರಂಥವನ್ನು, ಅದರ ಅರಿವು ಯಾರದಾಗಿತ್ತೋ ಆ ನಾಡಿನವರೇ ಓದಲಾರದಾಗಿದ್ದರು. ಸಸ್ಯಶಾಸ್ತ್ರಜ್ಞ ಕೆ. ಎಸ್. ಮಣಿಲಾಲರ ದೀರ್ಘ ಪರಿಶ್ರಮದಿಂದ 2003ರಲ್ಲಿ ಇಂಗ್ಲಿಷಿಗೂ 2008ರಲ್ಲಿ ಮಲೆಯಾಳಕ್ಕೂ ಅದು ಬಂದಿತು. ಮೂರು ಶತಮಾನಗಳ ತರುವಾಯ ಅಚ್ಯುತನ್ ವೈದ್ಯರ ಅರಿವು ಅವರ ಭಾಷೆಗೆ ಮರಳಿತು. ಹಿತ್ತಲ ಗಿಡವನ್ನು ಬಲ್ಲ ಹಿರಿಯರು ಇರುವಾಗಲೇ ಅದರ ನಾಮ, ರೂಪ, ಪ್ರಯೋಗಗಳನ್ನು ಕೇಳಿ ಬರೆದಿಡುವುದು ಸಸ್ಯಾಭ್ಯಾಸಿಯ ಮೊದಲ ಕರ್ತವ್ಯವೆಂಬುದು ಇದರಿಂದ ವಿದಿತವಾಗುತ್ತದೆ.