ರೆಪ್ಪೆ ಹಾರಿದರೆ ಬಿಡಿ, ಚಪ್ಪಲಿ ಜಾರಿದರೆ ನೋಡಿ

ಬ್ಯಾಡಗಿಯಲ್ಲಿ ಮೆಣಸಿನಕಾಯಿ ಸುಗ್ಗಿ ಏರಿದಾಗ ಹಮಾಲರು ಸಂಜೆ ಚಹಾದಂಗಡಿ ಬೆಂಚಿಗೆ ಬಂದು ಕೂರುತ್ತಾರೆ. ದಿನವಿಡೀ ಚೀಲ ಹೊತ್ತ ಕಾಲಿನ ಮೀನಖಂಡ ತಾನಾಗಿಯೇ ಪಟಪಟ ಹಾರುತ್ತಿರುತ್ತದೆ. “ಒಳಗ ಹುಳ ಹರದಾಡಿದಂಗ ಆಗಾಕತ್ತೈತ್ರಿ” ಅನ್ನುತ್ತಾರೆ, ಇನ್ನೊಂದು ಚಹಾ ಹೇಳುತ್ತಾರೆ. ಹಾವೇರಿಯ ಅಂಗಡಿ ಸಾಲಿನಲ್ಲಿ ಹಾರುವುದು ಕಣ್ಣಿನ ರೆಪ್ಪೆ. ಗಂಡಸರಿಗೆ ಬಲಗಣ್ಣು ಹಾರಿದರೆ ಲಾಭ, ಎಡಗಣ್ಣು ಹಾರಿದರೆ ಉದ್ರಿ ಮುಳುಗಿತು ಎಂದೇ ಲೆಕ್ಕ!

ಈಗ ಮೂರನೆಯ ಶಕುನವೊಂದು ಬಂದಿದೆ. ಸ್ನಾಯು ಅದರುತ್ತದೆಂದು ಮೊಬೈಲಿನಲ್ಲಿ ಹುಡುಕಿದರೆ ‘ಮೋಟಾರ್ ನ್ಯೂರಾನ್ ಕಾಯಿಲೆ’ ಎಂಬ ಹೆಸರು ಎದುರಾಗುತ್ತದೆ. ವಿಜ್ಞಾನಿ ಸ್ಟೀಫನ್ ಹಾಕಿಂಗರನ್ನು ಗಾಲಿಕುರ್ಚಿಗೆ ಕೂರಿಸಿದ ರೋಗ. ಹೆದರಿದವನಿಗೆ ನಿದ್ದೆ ಹೋಗುತ್ತದೆ. ನಿದ್ದೆಗೆಟ್ಟರೆ ಸ್ನಾಯು ಇನ್ನೂ ಹಾರುತ್ತದೆ.

ಸಂಗತಿ ಇಷ್ಟೇ. ಬೆನ್ನುಹುರಿಯ ಒಂದೊಂದು ನರಕೋಶ ಸ್ನಾಯುವಿನ ಎಳೆಗಳ ಒಂದೊಂದು ಗುಂಪನ್ನು ಕುಣಿಸುತ್ತದೆ. ಆ ನರ ಅಪ್ಪಣೆಯಿಲ್ಲದೆ ಮಿಡಿದರೆ ಆ ಗುಂಪಷ್ಟೇ ಹಾರುತ್ತದೆ. ದಣಿವು, ಚಿಂತೆ, ಅತಿಯಾದ ಚಹಾ–ಕಾಫಿ, ಇಷ್ಟಕ್ಕೂ ಹಾರುತ್ತದೆ. ಬರೀ ಹಾರಾಟವಿದ್ದು ಬೇರೇನೂ ಇಲ್ಲದ 121 ಮಂದಿಯನ್ನು ಅಮೆರಿಕದ ಮೇಯೋ ಕ್ಲಿನಿಕ್ಕಿನವರು ವರ್ಷಗಟ್ಟಲೆ ಗಮನಿಸಿ 1993ರಲ್ಲಿ ವರದಿ ಬರೆದರು. ಒಬ್ಬರಿಗೂ ಈ ರೋಗ ಬಂದಿರಲಿಲ್ಲ.

ಹಾಗಾದರೆ ನೋಡಬೇಕಾದದ್ದೇನು? ಶಕ್ತಿ. ರಾಣೆಬೆನ್ನೂರಿನ ಬಟ್ಟೆ ವ್ಯಾಪಾರಿಗೆ ಕತ್ತರಿ ಒತ್ತಲಾಗುತ್ತಿಲ್ಲ, ಹಾವೇರಿಯಲ್ಲಿ ಏಲಕ್ಕಿ ಹಾರ ಕಟ್ಟುವವರಿಗೆ ಸೂಜಿ ಹಿಡಿತಕ್ಕೆ ಸಿಗುತ್ತಿಲ್ಲ, ಬಸ್ಸು ಹತ್ತುವಾಗ ಮುಂಗಾಲು ಎಡವುತ್ತದೆ, ಒಂದೇ ಕಾಲಿನ ಚಪ್ಪಲಿ ಜಾರುತ್ತದೆ, ಹೆಬ್ಬೆರಳು–ತೋರುಬೆರಳ ನಡುವಿನ ಮಾಂಸ ಇಳಿದು ಗುಳಿ ಬಿದ್ದಿದೆ, ನಾಲಿಗೆ ತೊದಲುತ್ತದೆ. ಇವು ವಾರದಿಂದ ವಾರಕ್ಕೆ ಹೆಚ್ಚುತ್ತಿದ್ದು ಜೊತೆಗೆ ಸ್ನಾಯುವೂ ಹಾರುತ್ತಿದ್ದರೆ ತಡಮಾಡಬಾರದು. ನಮ್ಮವರು ಮೋಸ ಹೋಗುವುದು ಇಲ್ಲೇ: ನೋವಿಲ್ಲ, ಜೋಮಿಲ್ಲ, ಹಾಗಾಗಿ ಎಣ್ಣೆ ತಿಕ್ಕಿಸಿಕೊಂಡು ಆರು ತಿಂಗಳು ಕಳೆಯುತ್ತಾರೆ.

ಶಕ್ತಿ ಕುಂದಿದ್ದೆಲ್ಲ ಆ ರೋಗವೇ ಎಂದೂ ಅಲ್ಲ. ಕತ್ತಿನ ಎಲುಬು ಸವೆದು ನರ ಒತ್ತಿದರೂ ಕೈ ಸೊರಗುತ್ತದೆ, ಅದಕ್ಕೆ ಚಿಕಿತ್ಸೆಯುಂಟು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿದ್ದ ಡಾ. ಗೌರಿದೇವಿ ಮತ್ತು ಸಂಗಡಿಗರು 1984ರಲ್ಲಿ ಇನ್ನೊಂದು ಬಗೆಯನ್ನು ದಾಖಲಿಸಿದರು. ಹೆಚ್ಚಾಗಿ ಹರೆಯದ ಗಂಡುಮಕ್ಕಳಲ್ಲಿ ಒಂದೇ ಕೈ ಅಥವಾ ಒಂದೇ ಕಾಲು ಸೊರಗುತ್ತದೆ, ಕೆಲವು ವರ್ಷ ಹೆಚ್ಚಿ ಅಲ್ಲಿಗೇ ನಿಲ್ಲುತ್ತದೆ. ಜೀವಕ್ಕೆ ಅಪಾಯವಿಲ್ಲ. ದಕ್ಷಿಣ ಭಾರತದಲ್ಲೇ ಹೆಚ್ಚು ಕಂಡ, ‘ಮದ್ರಾಸ್ ಮಾದರಿ’ ಎಂದೇ ಹೆಸರಾದ ಮತ್ತೊಂದಿದೆ. ಅದರಲ್ಲಿ ಕಿವಿಯೂ ಮಂದವಾಗಬಹುದು, ಆದರೆ ರೋಗ ನಿಧಾನ.

ಅಸಲಿ ರೋಗವನ್ನು ವಾಸಿ ಮಾಡುವ ಔಷಧಿ ಇನ್ನೂ ಇಲ್ಲ. 1995ರಲ್ಲಿ ಬಂದ ರಿಲುಜೋಲ್ ಮಾತ್ರೆ ಕೆಲವು ತಿಂಗಳು ಆಯುಷ್ಯ ಕೊಡುತ್ತದೆ. ಉಸಿರು, ಊಟ, ವ್ಯಾಯಾಮದ ಆರೈಕೆ ಬೇಗ ಶುರುವಾದಷ್ಟೂ ರೋಗಿಗೂ ಮನೆಯವರಿಗೂ ಸಲೀಸು.

ಯಾವ ರೋಗವೆಂದು ಬೇರ್ಪಡಿಸಿ ಹೇಳಬೇಕಾದವರು ನರರೋಗ ತಜ್ಞರು. ಸ್ನಾಯುವಿಗೆ ಸಣ್ಣ ಸೂಜಿ ಚುಚ್ಚಿ ವಿದ್ಯುತ್ ಮಿಡಿತ ಅಳೆಯುವ ಪರೀಕ್ಷೆ ಇದೆ. ಹುಬ್ಬಳ್ಳಿ ಬಸ್ಸು ಹತ್ತಿದರಾಯಿತು. ಆದರೆ ಡಾಕ್ಟರ ಮುಂದೆ ಕೂತು “ಹಾರ್ತೈತ್ರಿ” ಎಂದಷ್ಟೇ ಹೇಳಿ ಬರಬೇಡಿ. ಯಾವ ಕೈ, ಎಷ್ಟು ತಿಂಗಳಿಂದ, ಮೊದಲು ಆಗುತ್ತಿದ್ದ ಯಾವ ಕೆಲಸ ಈಗ ಆಗುತ್ತಿಲ್ಲ, ಅದನ್ನು ಹೇಳಿ.